ಹೊಲದ ಪಕ್ಕ ಬಡಾವಣೆ: ಆಕ್ಷೇಪಣೆಗೆ ಕಾಲ ಮೀರಬಾರದು



ಪಟ್ಟಣದ ಅಂಚಿನ ಹೊಲಗಳು ನಿವೇಶನಗಳಾಗುತ್ತಿವೆ. ಕಲ್ಲು ನೆಟ್ಟ ಮೇಲೆ ದನಗಳ ದಾರಿ ಮುಚ್ಚಿತೆಂದು ಕೊರಗಿ ಫಲವಿಲ್ಲ.

ಮಾಸ್ಟರ್ ಪ್ಲಾನಿನಲ್ಲಿ ಕೃಷಿಗೆಂದು ಗುರುತಿಸಿದ ಜಮೀನನ್ನು ವಸತಿಗೆ ಬದಲಾಯಿಸಬೇಕಾದರೆ, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಮಿನಂತೆ ಯೋಜನಾ ಪ್ರಾಧಿಕಾರವು ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಮನೆಗೆ ನೋಟೀಸು ಬರಲೆಂದು ಕಾಯಬೇಡಿ; ಪತ್ರಿಕೆಯಲ್ಲಿ ಗ್ರಾಮದ ಹೆಸರು, ಸರ್ವೆ ನಂಬರು ನೋಡಿ. ಪ್ಲಾನಿನಲ್ಲಿ ಮೊದಲೇ ವಸತಿ ಎಂದಿದ್ದರೆ ಈ ಪ್ರಕಟಣೆ ಇರುವುದಿಲ್ಲ. ಆದ್ದರಿಂದ ನಿಮ್ಮೂರಿನ ಜಮೀನು ಯಾವುದಕ್ಕೆ ಗುರುತಾಗಿದೆ ಎಂದು ಪ್ರಾಧಿಕಾರದ ಕಚೇರಿಯಲ್ಲಿ ಈಗಲೇ ವಿಚಾರಿಸಿ.

ಗ್ರಾಮ ನಕಾಶೆ ಹಿಡಿದು ಸ್ಥಳ ನೋಡಿ. ಬಂಡಿದಾರಿ, ಹಳ್ಳ, ಗೋಕಟ್ಟೆ ಎಲ್ಲಿವೆ? ಚರಂಡಿ ನೀರು ಎತ್ತ ಹರಿಯುತ್ತದೆ? ಕುಡಿಯುವ ಕಟ್ಟೆಗೆ ಕೊಳಚೆ ಸೇರಿದರೆ ಕರುಗಳಿಗೆ ಭೇದಿ, ದನಗಳಿಗೆ ಜಂತುಬಾಧೆ ತಪ್ಪದು.

"ಬಡಾವಣೆ ಬೇಡ" ಎಂದಷ್ಟೇ ಬರೆದರೆ ಸಾಲದು. ಇಂಥ ಸರ್ವೆ ನಂಬರಿನ ದಾರಿಯಲ್ಲಿ ಇಷ್ಟು ಮನೆಗಳ ದನ ಓಡಾಡುತ್ತವೆ, ಅದನ್ನು ಉಳಿಸಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಅವಧಿಯೊಳಗೆ ಸಲ್ಲಿಸಿ, ಸ್ವೀಕೃತಿ ಪಡೆದು ಜೋಪಾನ ಮಾಡಿ. ಸಂಘದ ಸದಸ್ಯರೆಲ್ಲ ಸೇರಿ ಸಹಿ ಮಾಡಿದರೆ ಇನ್ನೂ ಒಳಿತು.