ನೀರಿನ ಮೇಲಿನ ಮುಟ್ಟಾಟ

ಕೇಂಬ್ರಿಜ್ ಊರಿನ ನಡುವೆ ಹರಿಯುವ ಕ್ಯಾಮ್ ಹೆಸರಿಗೆ ನದಿ. ಕಾವೇರಿ, ತುಂಗಭದ್ರೆಗಳನ್ನು ಕಂಡ ಕಣ್ಣಿಗೆ ಅದೊಂದು ದೊಡ್ಡ ಕಾಲುವೆಯಂತೆ ಕಂಡೀತು. ಎಂಟು ಜನ ಹುಟ್ಟು ಹಾಕುವ ಪಂದ್ಯದ ದೋಣಿಯೋ ಸುಮಾರು 18 ಮೀಟರ್ ಉದ್ದ. ಎರಡೂ ಬದಿಗೆ ಚಾಚಿದ ಉದ್ದನೆಯ ಹುಟ್ಟುಗಳಿಗೂ ಜಾಗ ಬೇಕು. ಅಂಥ ದೋಣಿಗಳು ಸಾಲಾಗಿ ಪಕ್ಕಪಕ್ಕ ನಿಂತು ಓಡಲು ಈ ನದಿಯಲ್ಲಿ ನೀರು ಸಾಲದು. 1820ರ ದಶಕದ ವಿದ್ಯಾರ್ಥಿಗಳು ಇದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಪಕ್ಕದಲ್ಲಿ ಜಾಗವಿಲ್ಲದಿದ್ದರೆ ಒಂದರ ಹಿಂದೊಂದು ನಿಲ್ಲುವುದು, ಮುಂದಿನ ದೋಣಿಯನ್ನು ಅಟ್ಟಿಸಿಕೊಂಡು ಹೋಗಿ ಮುಟ್ಟುವುದು. ನಮ್ಮ ಮಕ್ಕಳು ಬೀದಿಯಲ್ಲಿ ಆಡುವ ಮುಟ್ಟಾಟವೇ ನೀರಿಗಿಳಿದಂತೆ. ಕೇಂಬ್ರಿಜ್‌ನಲ್ಲಿ ಅದಕ್ಕೆ ‘ಬಂಪ್ಸ್’ ಎಂದು ಹೆಸರು.

ಕೇಂಬ್ರಿಜ್ ವಿಶ್ವವಿದ್ಯಾಲಯದ ದೋಣಿ ಪ್ರಪಂಚವನ್ನು ಅರಿಯಬೇಕಾದರೆ ಆಕ್ಸ್‌ಫರ್ಡ್‌ನೊಡನೆ ಲಂಡನ್ನಿನಲ್ಲಿ ನಡೆಯುವ ಪ್ರಸಿದ್ಧ ಪಂದ್ಯಕ್ಕಿಂತ ಮೊದಲು ಈ ಮುಟ್ಟಾಟವನ್ನು ನೋಡಬೇಕು. ವರ್ಷಕ್ಕೆ ಎರಡು ಸಲ, ಚಳಿಗಾಲದ ಕೊನೆಗೊಮ್ಮೆ ಮತ್ತು ಜೂನ್‌ನಲ್ಲೊಮ್ಮೆ, ಕಾಲೇಜು ಕಾಲೇಜುಗಳ ನಡುವೆ ಇದು ನಡೆಯುತ್ತದೆ. ಜೂನ್‌ನಲ್ಲಿ ನಡೆಯುವುದಕ್ಕೆ ‘ಮೇ ಬಂಪ್ಸ್’ ಎಂದೇ ಹೆಸರು ಉಳಿದಿದೆ. ದೋಣಿ ದೋಣಿಗಳ ನಡುವೆ ಒಂದೂವರೆ ದೋಣಿಯಷ್ಟು ಅಂತರ. ದಡಕ್ಕೆ ಕಟ್ಟಿದ ಸರಪಳಿಯ ತುದಿಯನ್ನು ಚುಕ್ಕಾಣಿ ಹಿಡಿದ ಕಾಕ್ಸ್ ಕೈಯಲ್ಲಿ ಬಿಗಿಹಿಡಿದು ಕೂತಿರುತ್ತಾರೆ. ಆರಂಭಕ್ಕೆ ನಾಲ್ಕು ನಿಮಿಷವಿದೆ ಎನ್ನಲು ಒಂದು ತೋಪು, ಒಂದು ನಿಮಿಷವಿದೆ ಎನ್ನಲು ಇನ್ನೊಂದು. ಮೂರನೆಯದು ಸಿಡಿದೊಡನೆ ಸರಪಳಿ ಕೈಬಿಡುತ್ತದೆ, ಇಡೀ ಸಾಲು ಒಟ್ಟಿಗೆ ಜಿಗಿಯುತ್ತದೆ.

ದಡದ ಹಾದಿಯಲ್ಲಿ ತಂಡದವರು ಸೈಕಲ್ ತುಳಿಯುತ್ತಾ ಬರುತ್ತಾರೆ. ಹುಟ್ಟು ಹಾಕುವವರು ಹಿಂದಕ್ಕೆ ಮುಖಮಾಡಿ ಕೂತಿರುವುದರಿಂದ ಮುಂದಿನ ದೋಣಿ ಎಷ್ಟು ದೂರದಲ್ಲಿದೆ ಎಂಬುದು ಅವರ ಕಣ್ಣಿಗೆ ಬೀಳದು. ಕಿವಿಯೇ ಗತಿ. ಒಂದು ದೋಣಿಯಷ್ಟು ಹತ್ತಿರವಾದರೆ ದಡದಿಂದ ಒಂದು ಸೀಟಿ, ಅರ್ಧಕ್ಕೆ ಬಂದರೆ ಎರಡು, ಕಾಲಿಗೆ ಬಂದರೆ ಮೂರು. ಕಾಲುಗಳಲ್ಲಿ ಶಕ್ತಿಯೇ ಉಳಿದಿಲ್ಲ ಎನ್ನುವ ಹೊತ್ತಿಗೆ ಕೇಳಿಬರುವ ಆ ಮೂರು ಸೀಟಿಗಳು ದೋಣಿಯನ್ನು ಹೇಗೆ ಎತ್ತಿ ಎಸೆಯುತ್ತವೆ ಎಂಬುದನ್ನು ನೋಡಿಯೇ ತಿಳಿಯಬೇಕು. ಮುಟ್ಟಿಸಿಕೊಂಡ ದೋಣಿಯ ಕಾಕ್ಸ್ ಕೈ ಎತ್ತಿ ಒಪ್ಪಿಕೊಳ್ಳುತ್ತಾರೆ. ಎರಡೂ ದೋಣಿಗಳು ದಡಕ್ಕೆ ಸರಿಯುತ್ತವೆ. ಗೆದ್ದವರು ದಡದ ಗಿಡಗಳಿಂದ ಹಸಿರು ರೆಂಬೆ ಕಿತ್ತು ತಲೆಗೆ ಸಿಕ್ಕಿಸಿಕೊಂಡು ಮನೆಗೆ ಮರಳುತ್ತಾರೆ.

ಮರುದಿನ ಎರಡೂ ದೋಣಿಗಳ ಸ್ಥಾನ ಅದಲುಬದಲು. ಪಂದ್ಯ ನಡೆಯುವ ನಾಲ್ಕು ದಿನವೂ ಮುಟ್ಟಿದವರಿಗೆ ತಮ್ಮ ಹೆಸರು ಬರೆಸಿದ ಹುಟ್ಟನ್ನು ಗೋಡೆಗೆ ತೂಗುಹಾಕುವ ಹಕ್ಕು. ನಾಲ್ಕೂ ದಿನ ಮುಟ್ಟಿಸಿಕೊಂಡವರಿಗೆ ಮರದ ಸೌಟು. ಸಾಲಿನ ಸ್ಥಾನಗಳು ಆ ವರ್ಷಕ್ಕೇ ಮುಗಿಯುವುದಿಲ್ಲ. ಈ ವರ್ಷ ಎಲ್ಲಿ ನಿಂತರೋ ಮುಂದಿನ ವರ್ಷ ಅಲ್ಲಿಂದಲೇ ಆರಂಭ. ಹಾಗಾಗಿ ಇಂದು ಹುಟ್ಟು ಹಿಡಿಯುವ ಹುಡುಗಿ, ತಾನೆಂದೂ ಕಾಣದ ಹಿಂದಿನವರು ಗಳಿಸಿಕೊಟ್ಟ ಜಾಗದಿಂದ ಹೊರಡುತ್ತಾಳೆ, ತಾನೆಂದೂ ಕಾಣದ ಮುಂದಿನವರಿಗೆ ಜಾಗ ಬಿಟ್ಟು ಹೋಗುತ್ತಾಳೆ. ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಈ ಲೆಕ್ಕಾಚಾರ.

ಕಾಲೇಜು ಕ್ಲಬ್‌ಗಳಲ್ಲಿ ಸೇಂಟ್ ಜಾನ್ಸ್ ಕಾಲೇಜಿನ ಲೇಡಿ ಮಾರ್ಗರೆಟ್ ಬೋಟ್ ಕ್ಲಬ್ಬಿಗೆ ಹಿರಿತನವಿದೆ. ಅದು ಹುಟ್ಟಿದ್ದು 1825ರಲ್ಲಿ. ಅವರು ತೊಡುತ್ತಿದ್ದ ಉರಿಗೆಂಪು ಕೋಟಿನಿಂದಲೇ ‘ಬ್ಲೇಜರ್’ ಎಂಬ ಹೆಸರು ಬಂತೆಂದು ಹೇಳುತ್ತಾರೆ. ನಮ್ಮ ಕಾನ್ವೆಂಟ್ ಶಾಲೆಗಳ ಸಮವಸ್ತ್ರದವರೆಗೂ ಬಂದ ಹೆಸರದು.

ಕಾಲೇಜುಗಳ ಆಯ್ದ ಬಲವನ್ನೆಲ್ಲ ಒಂದು ದೋಣಿಯಲ್ಲಿ ಕೂರಿಸುವುದು ಕೇಂಬ್ರಿಜ್ ಯೂನಿವರ್ಸಿಟಿ ಬೋಟ್ ಕ್ಲಬ್ಬಿನ ಕೆಲಸ. ಅದರ ಹುಟ್ಟು 1828ರಲ್ಲಿ. ಮರುವರ್ಷವೇ ಆಕ್ಸ್‌ಫರ್ಡ್‌ಗೆ ಸವಾಲಿನ ಪತ್ರ ಹೋಯಿತು. ಅದರ ಹಿಂದಿದ್ದವರು ಹ್ಯಾರೋ ಶಾಲೆಯ ಇಬ್ಬರು ಹಳೆಯ ಗೆಳೆಯರು. ಕೇಂಬ್ರಿಜ್ ಸೇರಿದ್ದ ಚಾರ್ಲ್ಸ್ ಮೆರಿವೇಲ್ ಒಬ್ಬ. ಆಕ್ಸ್‌ಫರ್ಡ್ ಸೇರಿದ್ದ ಚಾರ್ಲ್ಸ್ ವರ್ಡ್ಸ್‌ವರ್ತ್ ಇನ್ನೊಬ್ಬ, ನಾವೆಲ್ಲ ಪಠ್ಯದಲ್ಲಿ ಓದಿದ ಕವಿಯ ತಮ್ಮನ ಮಗ. 1829ರ ಜೂನ್ 10ರಂದು ಹೆನ್ಲಿಯಲ್ಲಿ ಪಂದ್ಯ ನಡೆದು ಆಕ್ಸ್‌ಫರ್ಡ್ ಸುಲಭವಾಗಿ ಗೆದ್ದಿತು. 1856ರಿಂದ, ಯುದ್ಧಕಾಲವನ್ನೂ ಕೋವಿಡ್‌ನ 2020ನ್ನೂ ಬಿಟ್ಟರೆ, ಇದು ಪ್ರತಿವರ್ಷದ ಹಬ್ಬ.

ಕ್ಯಾಮ್ ಒಂದು ಬಗೆಯ ಆಟ ಕಲಿಸಿದರೆ ಥೇಮ್ಸ್ ಬೇರೆಯದನ್ನೇ ಬೇಡುತ್ತದೆ. ಈಗ ಆಕ್ಸ್‌ಫರ್ಡ್ ಜೊತೆಗಿನ ಪಂದ್ಯ ನಡೆಯುವುದು ಲಂಡನ್ನಿನ ಪಟ್ನಿಯಿಂದ ಮಾರ್ಟ್‌ಲೇಕ್‌ವರೆಗೆ, ಸುಮಾರು 6.8 ಕಿಲೋಮೀಟರ್. ಇಲ್ಲಿ ನೀರು ಸಮುದ್ರದ ಮಾತು ಕೇಳುತ್ತದೆ. ಉಬ್ಬರ ಏರುತ್ತಿರುವ ಹೊತ್ತು ನೋಡಿಯೇ ಪಂದ್ಯದ ಗಳಿಗೆ ಗೊತ್ತುಮಾಡುತ್ತಾರೆ, ಆ ಸೆಳೆತ ದೋಣಿಗಳನ್ನು ಮೇಲಕ್ಕೆ ಒಯ್ಯುತ್ತದೆ. ಸೆಳೆತ ಬಿರುಸಾಗಿರುವುದು ನಡುವಿನ ಆಳದಲ್ಲಿ. ಇಬ್ಬರು ಕಾಕ್ಸ್‌ಗಳೂ ಅದಕ್ಕಾಗಿ ಒಬ್ಬರನ್ನೊಬ್ಬರು ಒತ್ತುತ್ತಾರೆ. ಹುಟ್ಟಿಗೆ ಹುಟ್ಟು ತಾಗುವಷ್ಟು ಹತ್ತಿರವಾದಾಗ ಹಿಂದಿನ ಲಾಂಚಿನಿಂದ ಅಂಪೈರ್ ಬಾವುಟ ಬೀಸಿ ಹೆಸರು ಹಿಡಿದು ಎಚ್ಚರಿಸುತ್ತಾರೆ. ನದಿಯ ಕೆಲವು ತಿರುವುಗಳು ಮಿಡಲ್‌ಸೆಕ್ಸ್ ದಡದವರಿಗೆ, ಹ್ಯಾಮರ್‌ಸ್ಮಿತ್ ಸೇತುವೆಯ ಬಳಿಯ ಉದ್ದನೆಯ ತಿರುವು ಸರೆ ದಡದವರಿಗೆ ಅನುಕೂಲ. ಯಾವ ದಡ ಎಂಬುದು ನಾಣ್ಯ ಚಿಮ್ಮಿದಾಗ ತೀರ್ಮಾನ.

ಗಾಳಿ ಉಬ್ಬರಕ್ಕೆ ಎದುರಾದರೆ ಅಲೆ ಏಳುತ್ತದೆ, ತೆಳ್ಳನೆಯ ದೋಣಿಗಳು ನೀರು ಕುಡಿಯುತ್ತವೆ. 1912ರಲ್ಲಿ ಎರಡೂ ದೋಣಿಗಳು ಮುಳುಗಿದವು. 1978ರಲ್ಲಿ ಕೇಂಬ್ರಿಜ್ ಮುಳುಗಿತು. 1984ರಲ್ಲಿ ಪಂದ್ಯ ಆರಂಭವಾಗುವ ಮೊದಲೇ ಅದರ ದೋಣಿ ನಿಂತಿದ್ದ ಹಡಗಿಗೆ ಬಡಿದು ಮುರಿಯಿತು. ಎಲ್ಲವೂ ಕೂಡಿಬಂದ ದಿನದ ಸೊಗಸೇ ಬೇರೆ: 1998ರಲ್ಲಿ ಕೇಂಬ್ರಿಜ್ 16 ನಿಮಿಷ 19 ಸೆಕೆಂಡುಗಳಲ್ಲಿ ಮುಗಿಸಿ ದಾಖಲೆ ಬರೆಯಿತು.

ಆ ಹದಿನಾರು ಹದಿನೇಳು ನಿಮಿಷಗಳಿಗೆ ತಯಾರಿ ಸೆಪ್ಟೆಂಬರಿನಿಂದಲೇ. ಬಹುಮಾನದ ಹಣವಿಲ್ಲ. ಎಲ್ಲರೂ ಓದುತ್ತಿರುವ ವಿದ್ಯಾರ್ಥಿಗಳು, ಪ್ರಯೋಗಾಲಯವೂ ಪ್ರಬಂಧವೂ ಬೆನ್ನಿಗೇ ಇರುತ್ತವೆ. ಕ್ಯಾಮ್ ಸಾಲದೆಂದು ತಂಡ ಸುಮಾರು 25 ಕಿಲೋಮೀಟರ್ ದೂರದ ಈಲಿ ಪಟ್ಟಣಕ್ಕೆ ಹೋಗುತ್ತದೆ. ಅಲ್ಲಿ ಗ್ರೇಟ್ ಊಜ್ ನದಿ ಗೆರೆ ಎಳೆದಂತೆ ನೇರ. ಡಿಸೆಂಬರಿನಲ್ಲಿ ತಮ್ಮೊಳಗೇ ಎರಡು ದೋಣಿ ಮಾಡಿಕೊಂಡು ಥೇಮ್ಸ್‌ನಲ್ಲಿ ಪೈಪೋಟಿ ನಡೆಸುತ್ತಾರೆ. ದೊಡ್ಡ ದಿನ ಆಕ್ಸ್‌ಫರ್ಡ್ ಎದುರಿನ ದೋಣಿಯಲ್ಲಿ ಕೂತವರಿಗೆ ‘ಬ್ಲೂ’ ಎಂಬ ಗೌರವ. ಗಂಡಸರ ಎರಡನೆಯ ತಂಡದ ಹೆಸರು ಗೋಲ್ಡಿ. ಹತ್ತೊಂಬತ್ತನೆಯ ಶತಮಾನದ ಹುಟ್ಟುಗಾರ ಜಾನ್ ಗೋಲ್ಡಿಯ ನೆನಪಿಗೆ.

ಬಹುಕಾಲ ವಯಸ್ಸಿನ ಕಟ್ಟಳೆಯೂ ಇರಲಿಲ್ಲ. ಎರಡು ಒಲಿಂಪಿಕ್ ಚಿನ್ನ ಗೆದ್ದಿದ್ದ ಜೇಮ್ಸ್ ಕ್ರ್ಯಾಕ್ನೆಲ್ 46ನೆಯ ವಯಸ್ಸಿನಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಯಾಗಿ ಸೇರಿ, 2019ರಲ್ಲಿ ಹರೆಯದವರ ನಡುವೆ ಕೂತು ಗೆದ್ದರು. ಟಿವಿಯಲ್ಲಿ ಡಾಕ್ಟರ್ ಹೌಸ್ ಆಗಿ ನಮಗೆ ಪರಿಚಿತರಾದ ಹ್ಯೂ ಲಾರಿ 1980ರಲ್ಲಿ ಇದೇ ದೋಣಿಯಲ್ಲಿದ್ದರು, ಬರಿಯ ಆರು ಅಡಿಯಲ್ಲಿ ಸೋತರು. ಅವರ ತಂದೆ ರ‍್ಯಾನ್ ಲಾರಿಯೂ ಕೇಂಬ್ರಿಜ್‌ಗೆ ಹುಟ್ಟು ಹಾಕಿದವರು. ಸುಡಾನಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ರ‍್ಯಾನ್, ಅಲ್ಲೇ ಇದ್ದ ಕೇಂಬ್ರಿಜ್ ಜೊತೆಗಾರ ಜ್ಯಾಕ್ ವಿಲ್ಸನ್‌ನೊಂದಿಗೆ ರಜೆಯಲ್ಲಿ ಬಂದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು.

ಹೆಂಗಸರಿಗೆ ಈ ನೀರು ಸುಲಭವಾಗಿ ಸಿಗಲಿಲ್ಲ. 1927ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆದ ಮೊದಲ ಸ್ಪರ್ಧೆಯಲ್ಲಿ ಎರಡು ತಂಡಗಳನ್ನು ಒಟ್ಟಿಗೆ ಓಡಲು ಬಿಡಲೇ ಇಲ್ಲ. ವೇಗದ ಜೊತೆಗೆ ಹುಟ್ಟು ಹಾಕುವ ಅಂದಕ್ಕೂ ಅಂಕ ಕೊಟ್ಟರು. ಆಮೇಲೆ ಅವರ ಪಂದ್ಯ ದಶಕಗಟ್ಟಲೆ ಹೆನ್ಲಿಯಲ್ಲಿ, ಗಂಡಸರ ಪಂದ್ಯದ ಸದ್ದಿನಿಂದ ದೂರ ನಡೆಯಿತು. ಅದೇ ಥೇಮ್ಸ್ ಹಾದಿಯಲ್ಲಿ, ಅದೇ ದಿನ ಓಡುವ ಅವಕಾಶ ಬಂದದ್ದು 2015ರಲ್ಲಿ. ಎಂಬತ್ತೆಂಟು ವರ್ಷ! 2020ರಲ್ಲಿ ಕೇಂಬ್ರಿಜ್‌ನ ಮಹಿಳೆಯರ ಮತ್ತು ಹಗುರ ತೂಕದವರ ಕ್ಲಬ್‌ಗಳು ಹಳೆಯ ಕ್ಲಬ್ಬಿನೊಡನೆ ಸೇರಿ ಒಂದಾದವು.

2021ರಲ್ಲಿ ಕೋವಿಡ್ ಇತ್ತು, ಹ್ಯಾಮರ್‌ಸ್ಮಿತ್ ಸೇತುವೆಯ ಸುರಕ್ಷತೆಯ ಚಿಂತೆಯೂ ಇತ್ತು. ಪಂದ್ಯವೇ ಈಲಿಗೆ ಬಂತು. ಉಬ್ಬರವಿಲ್ಲ, ದೊಡ್ಡ ತಿರುವಿಲ್ಲ, ಸೋಂಕಿನ ಭಯದಿಂದ ದಡದಲ್ಲಿ ಪ್ರೇಕ್ಷಕರೂ ಇಲ್ಲ. ದಿನವೂ ಅಭ್ಯಾಸ ಮಾಡುವ ಆ ನೇರ ನೀರಿನಲ್ಲಿ ಕೇಂಬ್ರಿಜ್ ಎರಡೂ ಪಂದ್ಯಗಳನ್ನು ಗೆದ್ದಿತು. ಮರುವರ್ಷ ದೋಣಿಗಳು ಥೇಮ್ಸ್‌ಗೆ ಮರಳಿದವು. ಹಿಂದಿನ ವರ್ಷ ಸೋತವರು ಗೆದ್ದವರಿಗೆ ಸವಾಲು ಹಾಕುವ ವಾಡಿಕೆಯಂತೆ, ಆ ಸಲ ಸವಾಲು ಆಕ್ಸ್‌ಫರ್ಡ್‌ನದಾಗಿತ್ತು.