ತಿಳಿಯಾದ ನೀರೆಲ್ಲಾ ಕುಡಿಯುವ ನೀರಲ್ಲ



ನಮ್ಮೂರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬರುವುದು ನಿಮಗೆಲ್ಲಾ ಗೊತ್ತು. ಬೆಂಗಳೂರಿನ ಮನೆಗಳ ಬಚ್ಚಲು, ಕಕ್ಕಸಿನ ನೀರನ್ನು ಅಲ್ಲೇ ಶುದ್ಧ ಮಾಡಿ, ದೊಡ್ಡ ಪೈಪುಗಳಲ್ಲಿ ನಮ್ಮ ಕೋಲಾರ ಜಿಲ್ಲೆಗೆ ಕಳಿಸುತ್ತಾರೆ. 2018ನೇ ಇಸವಿ ಜೂನ್ ತಿಂಗಳಲ್ಲಿ ಅದು ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಮುಂದೆ ಒಂದೊಂದೇ ಕೆರೆ ತುಂಬುತ್ತಾ ಬಂತು.

ಒಂದು ದಿನ ನಮ್ಮ ಅಜ್ಜಿ, "ಕೆರೆ ನೀರು ತಿಳಿಯಾಗೇ ಇದೆಯಲ್ಲಮ್ಮಾ, ಕುಡಿಯೋಕೆ ಆಗಲ್ವಾ? ಫಿಲ್ಟರ್ ನೀರಿಗೆ ದುಡ್ಡು ಹಾಕೋದಾದ್ರೂ ತಪ್ಪುತ್ತೆ" ಅಂತ ಕೇಳಿದರು. ನನಗೆ ಉತ್ತರ ಗೊತ್ತಾಗಲಿಲ್ಲ. ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು, "ನೀವೇ ಒಂದು ಶೋಧಕ ಮಾಡಿ ನೋಡಿ, ಆಮೇಲೆ ಹೇಳ್ತೀನಿ" ಎಂದರು.

ನಾವು ಐದು ಜನ ಸೇರಿ ಮಾಡಿದೆವು. ಬಿಸಿಯೂಟದ ತಟ್ಟೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದೆವು. ಅದಕ್ಕೆ ಪಟಿಕದ ಪುಡಿ ಹಾಕಿ ಕಲಸಿ, ಒಂದು ಗಂಟೆ ಬಿಟ್ಟೆವು. ಕೊಳೆಯೆಲ್ಲ ಗಂಟುಕಟ್ಟಿ ತಳಕ್ಕೆ ಕೂತಿತು. ಒಂದು ದೊಡ್ಡ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಅದನ್ನು ತಲೆಕೆಳಗು ಮಾಡಿ, ಬಾಯಿಗೆ ಹತ್ತಿ ಇಟ್ಟೆವು. ಅದರ ಮೇಲೆ ಇದ್ದಿಲ ಪುಡಿ, ಅದರ ಮೇಲೆ ತೊಳೆದ ಮರಳು, ಎಲ್ಲಕ್ಕಿಂತ ಮೇಲೆ ಸಣ್ಣ ಜಲ್ಲಿ ಹಾಕಿದೆವು. ಮೇಲಿನ ತಿಳಿನೀರು ಸುರಿದರೆ ಕೆಳಗೆ ತೊಟ್ಟು ತೊಟ್ಟಾಗಿ ಬಂತು. ಬಣ್ಣವೂ ಇಲ್ಲ, ವಾಸನೆಯೂ ಇಲ್ಲ! ನಮಗೆ ಬಹಳ ಸಂತೋಷವಾಯಿತು. ನಮ್ಮಲ್ಲೊಬ್ಬ ಲೋಟ ಎತ್ತಿ ಬಾಯಿಗೆ ಹಿಡಿದೇಬಿಟ್ಟ. ಮೇಷ್ಟ್ರು ಓಡಿಬಂದು ಲೋಟ ಕಿತ್ತುಕೊಂಡರು. ಅವರು ಅಷ್ಟು ಗಟ್ಟಿಯಾಗಿ ಗದರಿದ್ದನ್ನು ನಾನು ನೋಡೇ ಇರಲಿಲ್ಲ.

ಆಮೇಲೆ ಅವರು ಒಂದು ಲೋಟ ಒಳ್ಳೆಯ ಕುಡಿಯುವ ನೀರಿಗೆ ಒಂದು ಚಮಚ ಉಪ್ಪು ಕರಗಿಸಿದರು. "ಉಪ್ಪು ಕಾಣುತ್ತಾ?" ಅಂದರು. ಇಲ್ಲ ಅಂದೆವು. "ಇದನ್ನ ನಿಮ್ಮ ಬಾಟಲಿಗೆ ಹಾಕಿದ್ರೂ ಈ ಉಪ್ಪು ಹೋಗಲ್ಲ. ಕಣ್ಣಿಗೆ ಕಾಣದ ರೋಗಾಣುಗಳೂ ಮರಳಿನ ಸಂದಿಯಲ್ಲಿ ನುಸುಳಿ ಬರ್ತವೆ. ವಾಂತಿಭೇದಿ, ಟೈಫಾಯಿಡ್, ಕಾಮಾಲೆ ಬರೋದು ಅದರಿಂದಲೇ" ಎಂದು ವಿವರಿಸಿದರು.

ಹಾಗಾದರೆ ಕೊಳಚೆ ನೀರನ್ನು ಕುಡಿಯುವ ನೀರು ಮಾಡಲು ಆಗುವುದೇ ಇಲ್ಲವೇ? ಆಗುತ್ತದೆ. ಆಫ್ರಿಕಾದ ನಮೀಬಿಯಾ ದೇಶದ ರಾಜಧಾನಿ ವಿಂಡ್‌ಹುಕ್. ಅಲ್ಲಿ ಮಳೆ ಬಹಳ ಕಡಿಮೆ. ಆ ಊರಿನವರು 1968ರಿಂದಲೇ ಇಂಥ ನೀರು ಕುಡಿಯುತ್ತಿದ್ದಾರೆ. 2002ರಲ್ಲಿ ಕಟ್ಟಿದ ಹೊಸ ಘಟಕ ದಿನಕ್ಕೆ 2 ಕೋಟಿ 10 ಲಕ್ಷ ಲೀಟರ್ ನೀರು ಶುದ್ಧ ಮಾಡಬಲ್ಲದು. ಅಲ್ಲಿ ಕಾರ್ಖಾನೆ ನೀರನ್ನು ಮನೆ ನೀರಿಗೆ ಸೇರಿಸುವುದಿಲ್ಲ. ಮೊದಲು ಕೊಳೆಯನ್ನು ಗಂಟುಕಟ್ಟಿಸಿ ತೆಗೆಯುತ್ತಾರೆ. ಆಮೇಲೆ ಮರಳಿನಲ್ಲಿ ಸೋಸುತ್ತಾರೆ. ಓಝೋನ್ ಅನಿಲದಿಂದ ರೋಗಾಣು ಕೊಲ್ಲುತ್ತಾರೆ. ವಿಶೇಷ ಇದ್ದಿಲಿನಲ್ಲಿ ಹಾಯಿಸುತ್ತಾರೆ. ಬಹಳ ಸಣ್ಣ ರಂಧ್ರಗಳ ಪೊರೆಯಲ್ಲಿ ಮತ್ತೆ ಸೋಸಿ, ಕೊನೆಗೆ ಕ್ಲೋರಿನ್ ಬೆರೆಸುತ್ತಾರೆ. ಪದೇ ಪದೇ ಪರೀಕ್ಷೆ ಮಾಡಿ, ಬೇರೆ ನೀರಿನ ಜೊತೆ ಸೇರಿಸಿ ಊರಿಗೆ ಬಿಡುತ್ತಾರೆ. ಸಿಂಗಾಪುರದಲ್ಲಿ 2003ರಿಂದ ಉಪ್ಪನ್ನೂ ತಡೆಯುವ ಪೊರೆ, ಅದರ ಮೇಲೆ ನೇರಳಾತೀತ ಕಿರಣ ಎರಡನ್ನೂ ಬಳಸುತ್ತಾರೆ. ಅಂದರೆ ಗುಟ್ಟು ಒಂದು ಯಂತ್ರದಲ್ಲಿಲ್ಲ. ಒಂದು ಬೇಲಿ ತಪ್ಪಿಸಿಕೊಂಡದ್ದನ್ನು ಇನ್ನೊಂದು ಬೇಲಿ ಹಿಡಿಯಬೇಕು.

ನಮ್ಮ ಕೆರೆ ನೀರಿಗೆ ಆಗಿರುವುದು ಎರಡು ಹಂತ ಮಾತ್ರ. ಮೊದಲ ಹಂತದಲ್ಲಿ ಕೊಳೆ ತಳಕ್ಕೆ ಕೂರುತ್ತದೆ. ಎರಡನೆಯದರಲ್ಲಿ ಗಾಳಿ ಊದಿ ಬೆಳೆಸಿದ ಒಳ್ಳೆಯ ಸೂಕ್ಷ್ಮಜೀವಿಗಳು ಉಳಿದ ಕೊಳೆಯನ್ನು ತಿನ್ನುತ್ತವೆ. ಈ ನೀರನ್ನು ತಂದದ್ದು ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸಲು. ನೇರವಾಗಿ ಕುಡಿಯಲು ಅಲ್ಲ. ಆದ್ದರಿಂದ ದನ ಮೇಯಿಸಲು ಹೋದಾಗ ಬೊಗಸೆಯಲ್ಲಿ ಎತ್ತಿ ಕುಡಿಯಬೇಡಿ. ಕೆರೆ ಹತ್ತಿರದ ಬೋರ್‌ವೆಲ್ ನೀರನ್ನೂ ಪರೀಕ್ಷೆ ಮಾಡಿಸಿಯೇ ಕುಡಿಯಬೇಕು.

ನಮ್ಮ ಬಾಟಲಿ ಮಾತ್ರ ವ್ಯರ್ಥವಾಗಲಿಲ್ಲ. ಮೇಷ್ಟ್ರ ಸಲಹೆಯಂತೆ ಕೈ ತೊಳೆಯುವ ಜಾಗದಿಂದ ಒಂದು ಸಣ್ಣ ಕಾಲುವೆ ತೋಡಿ, ನಡುವೆ ಜಲ್ಲಿ, ಮರಳು ತುಂಬಿದ ಗುಂಡಿ ಮಾಡಿದೆವು. ಸೋಸಿದ ನೀರು ಈಗ ಶಾಲೆಯ ನುಗ್ಗೆ, ಬಾಳೆ ಗಿಡಗಳಿಗೆ ಹೋಗುತ್ತಿದೆ. ವಾರಕ್ಕೊಮ್ಮೆ ಮೇಲಿನ ಮರಳು ತೊಳೆಯುವುದು 7ನೇ ತರಗತಿಯವರ ಕೆಲಸ.

ಅಜ್ಜಿಗೆ ಇದನ್ನೆಲ್ಲಾ ಹೇಳಿದೆ. "ಹಂಗಾದ್ರೆ ಆ ನೀರು ರಾಗಿಗಿರಲಿ, ನಮಗೆ ಬಿಂದಿಗೆ ನೀರೇ ಇರಲಿ ಬಿಡು" ಎಂದರು. ನೀವೂ ನಿಮ್ಮ ಮನೆಯ ಹಿರಿಯರಿಗೆ, ಮುಖ್ಯವಾಗಿ ಚಿಕ್ಕ ಮಕ್ಕಳಿಗೆ, ತಪ್ಪದೆ ಹೇಳಿ.

– 7ನೇ ತರಗತಿಯ ವಿದ್ಯಾರ್ಥಿನಿ