ಹಳೇ ಕಾರಿಗೆ ದಮ್ಮು ಕಟ್ಟಿದಾಗ

ಸೋಮವಾರ ಬೆಳಗ್ಗೆ. ಮಂಗಳೂರಿನ ಪಂಪ್‌ವೆಲ್ ದಾಟಿ ಕಂಕನಾಡಿ ಕಡೆಯ ಏರು ಹತ್ತುವಾಗ ಕಾರು ಸೊರಗಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಉಪಯೋಗವಿಲ್ಲ. ದಮ್ಮಿನವರ ಹಾಗೆ ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಹಿಂದೆ ಬಸ್ಸುಗಳ ಹಾರ್ನ್. ಹಿಂದಿನ ಸೀಟಿನಲ್ಲಿ ಅಮ್ಮ.

2025ರ ಅಕ್ಟೋಬರ್-ನವೆಂಬರಿನಲ್ಲಿ ಅಮ್ಮನಿಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ 25 ದಿನದ ರೇಡಿಯೇಶನ್ ಇತ್ತು. ವಾರಕ್ಕೆ ಐದು ದಿನ. ನಡುವೆ ತಪ್ಪಿಸಬಾರದೆಂದು ಡಾಕ್ಟರು ಮೊದಲೇ ಹೇಳಿದ್ದರು. ನಮ್ಮ ಮನೆ ವಿಟ್ಲದಿಂದ ಆಚೆ, ಮಂಗಳೂರಿಗೆ 45 ಕಿ.ಮೀ. ಅಷ್ಟು ದೂರ ಬಸ್ಸಿನಲ್ಲಿ ಅಮ್ಮನಿಗೆ ಕೂರಲಾಗದು. ದಿನಾ ಬಾಡಿಗೆ ಕಾರು ಮಾಡಿದರೆ ಎರಡೆಕರೆ ತೋಟದವನಿಗೆ ಪೂರೈಸುವುದಿಲ್ಲ. ಇದ್ದದ್ದು 1997ರ ಮಾರುತಿ 800. ಕಾರ್ಬ್ಯುರೇಟರಿನದ್ದು, ಮೂರು ಸಿಲಿಂಡರ್. ಅಷ್ಟರವರೆಗೆ ಕೈಕೊಟ್ಟದ್ದಿಲ್ಲ.

ಆ ದಿನ ಬದಿಗೆ ನಿಲ್ಲಿಸಿ ಹದಿನೈದು ನಿಮಿಷ ಕಾದೆ. ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗದವರ ಹಾಗೆ ಹೊರಟಿತು! ಮಂಗಳವಾರ, ಬುಧವಾರ ತೊಂದರೆಯೇ ಇಲ್ಲ. ಗುರುವಾರ ಅಡ್ಯಾರಿನಲ್ಲಿ ಪುನಃ ಅದೇ ಕತೆ.

ಬಿಡಿಭಾಗ ಬದಲಿಸಿದ್ದೇ ಬಂತು

ಶನಿವಾರ ಊರಿನ ಗ್ಯಾರೇಜಿಗೆ ಒಯ್ದೆ. ಪ್ಲಗ್, ಪಾಯಿಂಟ್ ಹೊಸತು ಹಾಕಿದರು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಎರಡು ಕಿ.ಮೀ. ಓಡಿಸಿ ನೋಡಿದರು, ಬೆಣ್ಣೆಯ ಹಾಗೆ ಓಡಿತು. ಸೋಮವಾರ ಮತ್ತೆ ಪಂಪ್‌ವೆಲ್‌ನಲ್ಲಿ ಸೊರಗಿತು. ಇನ್ನೊಬ್ಬರು ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹೋಗಿದೆ ಎಂದರು. ಪಂಪೇ ಹೊಸತಾಯಿತು. ಆ ಗುರುವಾರ ಎರಡು ಸಲ ನಿಂತು, ಆಸ್ಪತ್ರೆಗೆ ಮುಟ್ಟುವಾಗ 40 ನಿಮಿಷ ತಡ. ಅಲ್ಲಿಯವರು ದೊಡ್ಡ ಮನಸ್ಸು ಮಾಡಿದ್ದರಿಂದ ಅಂದಿನ ಚಿಕಿತ್ಸೆ ತಪ್ಪಲಿಲ್ಲ. ಅಷ್ಟರಲ್ಲಿ 6,400 ರೂಪಾಯಿ ಕೈಬಿಟ್ಟಿತ್ತು. "ಗುಜರಿಗೆ ಕೊಡು ಮಾರಾಯ" ಎಂದು ನೆಂಟರ ಸಲಹೆ ಬೇರೆ.

ಅಮ್ಮ ಮಾತ್ರ ಒಂದು ಮಾತು ಹೇಳಿದರು. "ಮಗಾ, ತೋಟದಲ್ಲಿ ಮರ ಸೊರಗಿದರೆ ಬುಡ ಕೆದಕಿ ನೋಡದೆ ಮದ್ದು ಬಿಡ್ತೀಯಾ?"

ಸರಿ, ತೋಟಕ್ಕೆ ಮದ್ದು ಬಿಟ್ಟ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ಕಾರಿನ ಜಾತಕ ಬರೆಯತೊಡಗಿದೆ. ಯಾವ ದಿನ, ಎಲ್ಲಿ, ಎಷ್ಟು ಕಿ.ಮೀ. ಓಡಿದ ಮೇಲೆ, ಬಿಸಿಲೋ ಮಳೆಯೋ, ಪೆಟ್ರೋಲ್ ಎಷ್ಟಿತ್ತು - ಇಷ್ಟೇ. ದಿನಾ ಒಂದೇ ದಾರಿ, ಒಂದೇ ಹೊತ್ತು. ಹಾಗಾಗಿ ಹೋಲಿಸುವುದು ಸುಲಭವಾಯಿತು.

ಪೆಟ್ರೋಲಿನ ಮೇಲೆ ಸಂಶಯ

ಬರೆದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ನಾನು ಟ್ಯಾಂಕ್ ತುಂಬಿಸುತ್ತಿದ್ದದ್ದು ಸೋಮವಾರ ಮತ್ತು ಗುರುವಾರ ಬೆಳಗ್ಗೆ. ಕಾರು ಕೈಕೊಟ್ಟದ್ದೂ ಅದೇ ಎರಡು ದಿನ! ಅಂದರೆ ಪೆಟ್ರೋಲೇ ಸರಿ ಇಲ್ಲ ಎಂದು ತೀರ್ಮಾನಿಸಿದೆ. 2025ರಲ್ಲಿ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಎಲ್ಲ ಕಡೆ ಬಂದಿತ್ತು. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾದೀತೆಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿತ್ತು. ಹಾಗೆಂದು ಪೆಟ್ರೋಲಿನ ರಬ್ಬರ್ ಪೈಪುಗಳನ್ನು ನೋಡಿದೆ. ಬಿರುಕಿಲ್ಲ, ಒದ್ದೆಯಿಲ್ಲ. ಮೂರನೇ ವಾರ ಬೇರೆ ಬಂಕಿನಲ್ಲಿ ತುಂಬಿಸಿದೆ. ಪಂಪ್‌ವೆಲ್‌ನಲ್ಲಿ ಮತ್ತೆ ನಿಂತಿತು.

ಅಲ್ಲಿ ರಸ್ತೆ ಬದಿಯಲ್ಲಿ ನಿಂತಿದ್ದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಹತ್ತಿರ ಬಂದರು. ಬಾನೆಟ್ ಮುಟ್ಟಲೇ ಇಲ್ಲ.

"ಫಕ್ಕನೆ ನಿಂತದ್ದಾ, ಸೊರಗಿ ನಿಂತದ್ದಾ?"

"ಸೊರಗಿ."

"ಹಾಗಾದ್ರೆ ಕರೆಂಟಿನ ತೊಂದ್ರೆ ಅಲ್ಲ. ಯಾವಾಗೆಲ್ಲ ಆಗ್ತದೆ?"

ಪುಸ್ತಕ ತೋರಿಸಿದೆ. ಓದಿ ನಕ್ಕರು. "ಎಣ್ಣೆ ಡಬ್ಬಿಗೆ ಎಷ್ಟು ತೂತು ಮಾಡ್ತೀರಿ?"

"ಎರಡು."

"ಯಾಕೆ? ಒಂದು ಸಾಲದಾ? ಇನ್ನೊಮ್ಮೆ ಸೊರಗಿದ್ರೆ ಬಾನೆಟ್ ಬಿಚ್ಬೇಡಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಕಿವಿ ಕೊಡಿ."

ಗುರುವಾರ ಅಡ್ಯಾರಿನಲ್ಲಿ ಕಾರು ಸೊರಗತೊಡಗಿದಾಗ ಬದಿಗೆ ನಿಲ್ಲಿಸಿ ಮುಚ್ಚಳ ತಿರುಗಿಸಿದೆ. 'ಸುಂಯ್' ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಿ ಸ್ಟಾರ್ಟ್ ಮಾಡಿದೆ. ಕಂಕನಾಡಿ ಏರನ್ನು ಕಾರು ಹಾಡುತ್ತಾ ಹತ್ತಿತು. ಮುಂದಿನ ಸೋಮವಾರ ಸೊರಗುವ ಮೊದಲೇ ಫರಂಗಿಪೇಟೆಯಲ್ಲಿ ನಿಲ್ಲಿಸಿ ಮುಚ್ಚಳ ತೆರೆದು ಮುಚ್ಚಿದೆ. ಆ ದಿನ ತೊಂದರೆಯೇ ಇಲ್ಲ. ರೋಗ ಸಿಕ್ಕಿತು.

ಆದದ್ದು ಎಂತ?

ಟ್ಯಾಂಕಿನಿಂದ ಎಷ್ಟು ಪೆಟ್ರೋಲ್ ಹೊರಗೆ ಹೋಗುತ್ತದೋ ಅಷ್ಟೇ ಗಾಳಿ ಒಳಗೆ ಬರಬೇಕು. ಕೆಲವು ಗಾಡಿಗಳಲ್ಲಿ ಅದಕ್ಕೆ ದಾರಿ ಮುಚ್ಚಳದಲ್ಲೇ ಇರುತ್ತದೆ. ಕೆಲವದರಲ್ಲಿ ಪ್ರತ್ಯೇಕ ಸಪೂರ ಪೈಪು. ಆ ದಾರಿ ಕಟ್ಟಿದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತದೆ. ಪಂಪು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಕಾರ್ಬ್ಯುರೇಟರ್ ಒಣಗುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಂದಿಗೊಂದಿಯಲ್ಲಿ ಗಾಳಿ ನುಸುಳಿ ಮತ್ತೆ ಜೀವ ಬರುತ್ತದೆ.

ಟ್ಯಾಂಕ್ ತುಂಬಿದ ದಿನವೇ ಯಾಕೆ? ತುಂಬಿದ ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆ. ಒಂದೆರಡು ಲೀಟರ್ ಖರ್ಚಾದರೂ ನಿರ್ವಾತ ಜೋರಾಗುತ್ತದೆ. ಅರ್ಧ ಟ್ಯಾಂಕಿನಲ್ಲಿ ಗಾಳಿಯೇ ಬೇಕಾದಷ್ಟಿರುವ ಕಾರಣ ಅಷ್ಟು ಬೇಗ ಗೊತ್ತಾಗುವುದಿಲ್ಲ. ಗ್ಯಾರೇಜಿನವರು ಎರಡು ಕಿ.ಮೀ. ಓಡಿಸಿದಾಗ ರೋಗ ಕಾಣದಿದ್ದದ್ದೂ ಇದಕ್ಕೇ. ಪಾಪ, ಬಂಕಿನವರ ಮೇಲೆ ಸಂಶಯಪಟ್ಟದ್ದು ನನ್ನದೇ ತಪ್ಪು.

ನನ್ನ ಕಾರಿನ ಗಾಳಿ ಪೈಪು ಬಿಚ್ಚಿ ನೋಡಿದರೆ ತುದಿಯಲ್ಲಿ ಗಟ್ಟಿ ಮಣ್ಣು! ಸ್ವಿಚ್ಚಿನ ತೂತು, ಕಿಟಿಕಿ ಸಂದಿಯಲ್ಲೆಲ್ಲ ಮಣ್ಣಿನ ಗೂಡು ಕಟ್ಟುವ ಕಣಜದ ಕೆಲಸ. ಮಳೆಗಾಲ ಮೂರು ತಿಂಗಳು ಕಾರನ್ನು ಕೊಟ್ಟಿಗೆಯ ಬದಿಯಲ್ಲಿ ಹಾಗೇ ನಿಲ್ಲಿಸಿದ್ದೆ. ಅದಕ್ಕೆ ಅಷ್ಟು ಸಾಕಾಯಿತು. ಸರಿಗೆ ಹಾಕಿ ಕೆದಕಿ, ಸೈಕಲ್ ಪಂಪಿನಲ್ಲಿ ಊದಿದೆ. ಖರ್ಚು ಸೊನ್ನೆ.

ಹಳೇ ಗಾಡಿಯವರಿಗೆ ನಾಲ್ಕು ಮಾತು

ಆಗೊಮ್ಮೆ ಈಗೊಮ್ಮೆ ಶಕ್ತಿ ಕಳೆದುಕೊಳ್ಳುವ ಗಾಡಿಗೆ ಮೊದಲು ಪುಸ್ತಕ, ಆಮೇಲೆ ಪಾನಾ.

* ದೀಪ ಆರಿದ ಹಾಗೆ ಫಕ್ಕನೆ ನಿಂತರೆ ಹೆಚ್ಚಾಗಿ ಕರೆಂಟಿನ ದಾರಿ ನೋಡಬೇಕು: ಕಾಯಿಲ್, ವಯರು, ಪಾಯಿಂಟ್. ಬಾವಿ ಬತ್ತಿದ ಪಂಪಿನ ಹಾಗೆ ಸೊರಗಿ ನಿಂತರೆ ಪೆಟ್ರೋಲಿನ ದಾರಿ.

* ಪೆಟ್ರೋಲ್ ಎಷ್ಟಿದ್ದರೂ ಇಂಜಿನ್ ಬಿಸಿಯಾದಾಗ ನಿಂತು, ತಣಿದ ಮೇಲೆ ಹೊರಟರೆ ಕಾಯಿಲ್ ಮೇಲೆ ಸಂಶಯಪಡಬಹುದು.

* ಟ್ಯಾಂಕಿನಲ್ಲಿ ತುಕ್ಕು, ಕಸ ಇದ್ದರೆ ಫುಟ್‌ವಾಲ್ವಿಗೆ ಎಲೆ ಕೂತ ಹಾಗೆ. ಫಿಲ್ಟರ್ ಬಿಚ್ಚಿದರೆ ಕೆಂಪು ಹುಡಿ ಕಾಣುತ್ತದೆ. ಮುಚ್ಚಳ ತೆರೆದರೂ ಈ ತೊಂದರೆ ಹೋಗುವುದಿಲ್ಲ.

* ಇಂಜಿನ್ ಸದ್ದು ಸರಿ ಇದ್ದು ಗಾಡಿ ಮಾತ್ರ ಭಾರವಾದರೆ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದೇ ಚಕ್ರ ವಿಪರೀತ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

* ಕಾರ್ಬ್ಯುರೇಟರ್ ಇಲ್ಲದ ಹೊಸ ತರದ ಇಂಜಿನಿನಲ್ಲಿ ಎಚ್ಚರಿಕೆ ದೀಪ ಹೊತ್ತಿದ್ದರೆ ಸ್ಕ್ಯಾನರಿನಲ್ಲಿ ತಪ್ಪಿನ ಸಂಕೇತ ಓದಿಸಿ. ಅದಕ್ಕೆ ಮೊದಲು ಬ್ಯಾಟರಿ ಕಳಚಬೇಡಿ, ಸಂಕೇತ ಅಳಿಸಿಹೋದೀತು.

ಮುಚ್ಚಳದ ಪರೀಕ್ಷೆ ಮಾಡುವಾಗ ಇಂಜಿನ್ ಬಂದ್ ಇರಲಿ, ಹತ್ತಿರ ಬೀಡಿ-ಬೆಂಕಿ ಬೇಡ. ಹಾಗೆಯೇ ಮುಚ್ಚಳ ಸಡಿಲ ಬಿಟ್ಟು ಓಡಿಸುವುದೂ ಮದ್ದಲ್ಲ, ಅಪಾಯ. ಮುಚ್ಚಳ ಬದಲಿಸುವುದಿದ್ದರೆ ಅದೇ ಗಾಡಿಯದ್ದೇ ಹಾಕಿ. ಗಾಳಿ ತೂತಿಲ್ಲದ್ದು ಕೂತರೂ ಇದೇ ಫಜೀತಿ.

25 ದಿನವೂ ತಪ್ಪದೆ ಮುಗಿಯಿತು. ಕೊನೆಯ ಎಂಟು ದಿನ ಕಾರು ಎಲ್ಲೂ ನಿಲ್ಲಲಿಲ್ಲ. ಅಮ್ಮ ಈಗ ಅಂಗಳದಲ್ಲಿ ಅಡಿಕೆ ಹೆಕ್ಕುವಷ್ಟು ಚೇತರಿಸಿದ್ದಾರೆ. ಪೈಪಿನ ತುದಿಗೆ ಗಾಳಿ ಆಡುವ ಹಾಗೆ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿದ್ದೇನೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕಾರನ್ನು ವಿಟ್ಲದ ತನಕ ಓಡಿಸುವುದೆಂದೂ ನಿಶ್ಚಯಿಸಿದ್ದೇನೆ. ನಿಮ್ಮ ಗಾಡಿಯೂ ಹೀಗೆ ಆಟ ಆಡಿಸಿದ್ದರೆ, ಕಾರಣ ಹೇಗೆ ಸಿಕ್ಕಿತೆಂದು ಬರೆಯಿರಿ.